ಮೂರನ್ನು ಒಂದೆಂದು ಓದಿದೆ

ಅಕ್ಕಾ, ಭಾವನ ರಿಪೋರ್ಟನ್ನು ನಾನು ಸುಳ್ಳು ಓದಿದ್ದೆ. ಮೂರನೇ ಗ್ರೇಡ್ ಎಂದಿದ್ದದ್ದನ್ನು ಒಂದನೇ ಗ್ರೇಡ್ ಎಂದೆ. ಕಣ್ತಪ್ಪಿನಿಂದಲ್ಲ – ಗೊತ್ತಿದ್ದೇ ಹಾಗೆ ಓದಿದೆ.

ಆ ಕಾಗದವನ್ನು ಟೈಪ್ ಮಾಡಿದವಳೂ ನಾನೇ. ೨೦೦೫ರಲ್ಲಿ ಡೊಂಬಿವಲಿ ಸ್ಟೇಷನ್ ಹತ್ತಿರದ ಸಣ್ಣ ಲ್ಯಾಬಿನಲ್ಲಿದ್ದೆನಲ್ಲ. ನಮ್ಮ ಬಿಲ್ಡಿಂಗಿನ ಕನ್ನಡದವರೆಲ್ಲ ಇಂಗ್ಲಿಷ್ ರಿಪೋರ್ಟ್ ಹಿಡಿದು ಮೊದಲು ಬರುತ್ತಿದ್ದದ್ದು ನನ್ನ ಬಳಿಗೆ, ಆಮೇಲೆ ಡಾಕ್ಟರ ಬಳಿಗೆ. ನಾನು ಓದಿ "ಏನಿಲ್ಲ" ಎಂದರೆ ಅವರಿಗೆ ಹೋದ ಜೀವ ಬಂದಂತಾಗುತ್ತಿತ್ತು. ಆ ದೊಡ್ಡಸ್ತಿಕೆ ನನಗೂ ಹಿಡಿಸಿತ್ತು.

ಥಾಣೆಯ ಹೋಟೆಲಿನ ಕೌಂಟರಿನಲ್ಲಿ ಕೂತು ದಿನವಿಡೀ ಕೂಗುತ್ತಿದ್ದ ಭಾವನ ಸ್ವರ ಒಡೆದಾಗ ನಾವೆಲ್ಲ ತಮಾಷೆ ಮಾಡಿದ್ದೆವು. ಎರಡು ತಿಂಗಳಾದರೂ ಸರಿಹೋಗದಾಗ ಗಂಟಲಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದು ನಮ್ಮ ಲ್ಯಾಬಿಗೇ ಬಂತು. ಭಾವನಿಗೆ ರಜೆ ಸಿಗಲಿಲ್ಲವೆಂದು ರಿಪೋರ್ಟ್ ಹಿಡಿದು ಡಾಕ್ಟರ ಬಳಿ ನಾನೊಬ್ಬಳೇ ಹೋದೆ.

"ಗಡ್ಡೆ ಇನ್ನೂ ಚಿಕ್ಕದು. ಆದರೆ ಗ್ರೇಡ್ ಜಾಸ್ತಿ, ಬೇಗ ಹಬ್ಬುವಂಥದ್ದು. ಒಂದು ವಾರವೂ ಕಳೆಯಬೇಡಿ" ಎಂದು ಅವರು ಹಿಂದಿಯಲ್ಲಿ ಹೇಳಿ, ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ನನ್ನ ಮದುವೆಗೆ ಏಳು ವಾರವಿತ್ತು. ನನಗೆ ಮೂವತ್ತೊಂದು ವರ್ಷ, ಎರಡು ಸಂಬಂಧ ಆಗಲೇ ತಪ್ಪಿಹೋಗಿದ್ದವು. ಅಪ್ಪ ಅಮ್ಮ ಇಲ್ಲದ ನನ್ನನ್ನು ಧಾರೆ ಎರೆದು ಕೊಡಬೇಕಾದವರು ನೀನು ಮತ್ತು ಭಾವ. ಮನೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾದರೆ ಹುಡುಗನ ಕಡೆಯವರು – ಅಲ್ಲ, ಅವರನ್ನು ಯಾಕೆ ಎಳೆಯಲಿ? ಹೆದರಿದವಳು ನಾನು.

ಅಂದು ಸಂಜೆ ನಿಮ್ಮಿಬ್ಬರ ಎದುರು ಕೂತು ಓದಿದೆ. "ಕ್ಯಾನ್ಸರೇ ಭಾವ, ಆದ್ರೆ ಒಂದನೇ ಗ್ರೇಡ್. ನಿಧಾನದ್ದು. ಎರಡು ತಿಂಗಳು ಬಿಟ್ಟು ಹೋದ್ರೂ ಅಡ್ಡಿಲ್ಲ ಅಂದ್ರು."

ನೀನು ನಾಳೆಯೇ ಹೋಗುವ ಎಂದೆ. ಭಾವ ನಕ್ಕುಬಿಟ್ಟರು. "ಎಂತ ಗಡಿಬಿಡಿ ಮಾರಾಯ್ತಿ? ಇವಳ ಧಾರೆ ಆಗ್ಲಿ ಮೊದ್ಲು. ಲ್ಯಾಬಿನವಳೇ ಹೇಳ್ತಾಳಲ್ಲ!"

ನಿಜ ಹೇಳಲು ನನಗೆ ಆಗಲೂ ಹೊತ್ತಿತ್ತು. ಡಾಕ್ಟರ ಚೀಟಿ ಏಳು ವಾರ ನನ್ನ ಮದುವೆ ಸೀರೆಗಳ ನಡುವೆ ಇತ್ತು.

ಕಲ್ಯಾಣ್ ಊರಿನ ಮದುವೆ ಹಾಲ್‌ನಲ್ಲಿ ಧಾರೆಯಾಯಿತು. ನಮ್ಮ ಕೈಗಳ ಮೇಲೆ ನೀರು ಬಿಡಲು ಭಾವ ಬಗ್ಗಿದಾಗ ಶಾಲು ಸರಿಯಿತು, ಕೊರಳ ಪಕ್ಕದಲ್ಲಿ ಗಂಟು ಕಂಡಿತು. ಕಂಡೂ ತಲೆ ತಗ್ಗಿಸಿದೆ. ನಾಚಿಕೊಂಡಳು ಎಂದು ಎಲ್ಲರೂ ನಕ್ಕರು.

ಮದುವೆ ಮುಗಿಸಿ ಹೋದ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರ ಜೊತೆ ಮಾತಾಡುತ್ತಿದ್ದವಳೂ ನಾನೇ. ಇಷ್ಟು ತಡ ಯಾಕೆ ಎಂದು ಕೇಳಿದಾಗ "ಮನೆಯಲ್ಲಿ ಮದುವೆ ಇತ್ತು" ಎಂದೆ. ಯಾರದ್ದೆಂದು ಹೇಳಲಿಲ್ಲ. ಧ್ವನಿಪೆಟ್ಟಿಗೆ ತೆಗೆದರು. ಭಾವ ಹನ್ನೊಂದು ತಿಂಗಳು ಬದುಕಿದರು.

ಬೇಗ ಹೋಗಿದ್ದರೆ – ಗೊತ್ತಿಲ್ಲ. ಆ ಗ್ರೇಡಿನಲ್ಲಿ ಉಳಿದವರೂ ಇದ್ದಾರೆ, ಬೇಗ ಹೋಗಿಯೂ ಉಳಿಯದವರಿದ್ದಾರೆ ಎಂದು ನಮ್ಮ ಲ್ಯಾಬಿನ ಡಾಕ್ಟರು ಒಮ್ಮೆ ಹೇಳಿದರು. ಆ ಮಾತಿನ ಕೊನೆಯ ಅರ್ಧವನ್ನಷ್ಟೇ ಹಿಡಿದುಕೊಂಡು ಎಷ್ಟೋ ವರ್ಷ ಕಳೆದೆ. ನಾಚಿಕೆಯಾಗುತ್ತದೆ.

ಆ ಸ್ಲೇಟು ನೆನಪಿದೆಯಾ? ಮಾತು ಹೋದ ಮೇಲೆ ಭಾವ ಅದರಲ್ಲೇ ಬರೆಯುತ್ತಿದ್ದರು. ಕೊನೆಯ ವಾರ ನಿನಗೆ ಬರೆದು ತೋರಿಸಿದರು: "ನಿನ್ನ ಮಾತು ಕೇಳಬೇಕಿತ್ತು. ನನ್ನದೇ ತಪ್ಪು." ನೀನು ಅಳುತ್ತ ಹೊರಗೆ ಹೋದೆ. ಅದನ್ನು ಒರೆಸಿ ಅವರ ಕೈಗೆ ಮತ್ತೆ ಕೊಟ್ಟವಳು ನಾನು. ಆಗಲಾದರೂ ಹೇಳಬಹುದಿತ್ತು. ಅವರು ನನ್ನ ತಲೆ ಸವರಿದರು.

ಪ್ರತಿ ವರ್ಷ ತಿಥಿಯ ದಿನ ನೀನು "ಹಟ ಮಾಡಿ ಹೋದ್ರು" ಎನ್ನುತ್ತೀ. ನಾನು ಪಾಯಸ ಬಡಿಸುತ್ತೇನೆ.

ಈ ಕಾಗದದ ಜೊತೆ ಆ ಹಳೇ ರಿಪೋರ್ಟ್ ಇಟ್ಟಿದ್ದೇನೆ. ಬೇರೆ ಯಾರಿಂದಲಾದರೂ ಓದಿಸು. ಈ ಸಲದ ತಿಥಿಗೆ ನೀನು ಕರೆದರೆ ಮಾತ್ರ ಬರುತ್ತೇನೆ. ಕರೆಯದಿದ್ದರೂ ಒಂದು ಮಾತು ನಿನಗೆ ತಿಳಿದಿರಲಿ – ಭಾವ ಹಟ ಮಾಡಲಿಲ್ಲ ಅಕ್ಕಾ. ನನ್ನನ್ನು ನಂಬಿದರು.