ಕರ್ತನ ಭೋಜನಕ್ಕೆ ಒಂದು ಷರತ್ತು

ಗಂಡ ಕುಡಿದು ಬಂದು ನನ್ನ ಕೈ ಮುರಿದ ಮೇಲೆ ಮಗಳನ್ನು ಕರೆದುಕೊಂಡು ತಾಯಲೂರು ಬಿಟ್ಟೆ. ಮುಳಬಾಗಿಲಲ್ಲಿ ಹೊಲಿಗೆ ಅಂಗಡಿ ಹಾಕಿದೆ. ಅತ್ತೆಯೂ, ಅಂದರೆ ಅವನ ತಾಯಿಯೇ, ಗಂಟು ಕಟ್ಟಿಕೊಂಡು ನನ್ನ ಹಿಂದೆ ಬಂದುಬಿಟ್ಟರು. "ಅಲ್ಲಿದ್ರೆ ನನ್ನ ಕೈನೂ ಮುರೀತಾನೆ ಕಣೇ" ಎಂದು ನಕ್ಕರು.

ಹೋದ ವರ್ಷ ಅವನು ಕುಡಿತ ಬಿಟ್ಟೆನೆಂದು ನಮ್ಮ ಚರ್ಚಿಗೆ ಬಂದು, ಎಲ್ಲರೆದುರು ಮೊಣಕಾಲೂರಿ ಗೋಳೋ ಅಂದ. ಸಭೆಯ ಹಿರಿಯರೆಲ್ಲ ಕರಗಿಹೋದರು. ನನಗೆ ಮೈಯೆಲ್ಲ ಉರಿಯಿತು. ಆದರೂ ಕ್ಷಮಿಸಿದ್ದೇನೆ ಅಂದೆ. ಸುಳ್ಳಲ್ಲ, ದ್ವೇಷ ಹೊತ್ತು ಹೊತ್ತು ನನಗೇ ಸಾಕಾಗಿತ್ತು. ಹಿರಿಯರಿಗೆ ಅಷ್ಟು ಸಾಲಲಿಲ್ಲ. ಮುನಿಸಿಕೊಂಡವರು ರಾಜಿಯಾಗದೆ ಕರ್ತನ ಭೋಜನಕ್ಕೆ, ಅಂದರೆ ಆರಾಧನೆಯಲ್ಲಿ ಯೇಸುವಿನ ನೆನಪಿಗೆ ಹಂಚುವ ರೊಟ್ಟಿಗೆ, ಬರಬಾರದು ಎಂಬುದು ನಮ್ಮಲ್ಲಿ ಹಳೆಯ ಕಟ್ಟಳೆ. "ಕ್ಷಮಿಸಿದ್ರೆ ಅವನ ಮನೆಗೆ ಹೋಗಮ್ಮ. ಅಲ್ಲೀವರೆಗೂ ನಿನಗೆ ರೊಟ್ಟಿ ಇಲ್ಲ" ಎಂದು ಹಿರಿಯರೊಬ್ಬರು ಹೇಳಿಯೇಬಿಟ್ಟರು.

ಅಬ್ಬಾ, ಕೈ ಮುರಿದಾಗಲೂ ಅಷ್ಟು ನೋವಾಗಿರಲಿಲ್ಲ. ಕಷ್ಟದಲ್ಲೆಲ್ಲ ನನ್ನನ್ನು ನಿಲ್ಲಿಸಿದ್ದೇ ಆ ತುಂಡು ರೊಟ್ಟಿ. ಅದು ಬೇಕೆಂದರೆ ಆ ಮನೆಗೆ ಮರಳಬೇಕು. ಮರಳಿದರೆ ಮಗಳ ಗತಿ? ವಾರವೆಲ್ಲ ಊಟ ಸೇರಲಿಲ್ಲ.

ಮುಂದಿನ ಭಾನುವಾರ ಎಲ್ಲರೂ ಸಾಲಾಗಿ ಮುಂದೆ ಹೋಗುತ್ತಿದ್ದಾಗ ನಾನು ಬೆಂಚಿನಲ್ಲೇ ಕೂತಿದ್ದೆ. ಅತ್ತೆ ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ಆ ಹಿರಿಯರು ಅಡ್ಡ ಬಂದರು. ಅತ್ತೆ ಆಂಧ್ರ ಗಡಿಯ ಗೌನಿಪಲ್ಲಿಯ ಹೆಂಗಸು, ಸಿಟ್ಟು ಬಂದರೆ ಮೊದಲು ತೆಲುಗೇ ಬರುವುದು.

"ಏಮಯ್ಯಾ! ಅವನನ್ನ ಹೆತ್ತೋಳು ನಾನು. ನಾನೂ ಕ್ಷಮಿಸಿದ್ದೀನಿ. ನಾನೂ ಅವನ ಮನೆಗೆ ಹೋಗಿಲ್ಲ. ಹಂಗಾದ್ರೆ ನನಗೂ ಕೊಡಬೇಡಿ! ಕ್ಷಮಿಸೋದು ಅಂದ್ರೆ ಇನ್ನೊಂದು ಕೈನೂ ಮುರಿಸ್ಕೊಳ್ಳೋದಾ?"

ಪಾದ್ರಿಯವರು ಹಿರಿಯರನ್ನು ದಾಟಿಕೊಂಡು ಬಂದು ರೊಟ್ಟಿ ಮುರಿದು ಮೊದಲು ನನ್ನ ಅಂಗೈಗಿಟ್ಟರು. "ಹೋಗೋದು ಬಿಡೋದು ನಿನಗೆ ಸೇರಿದ್ದು, ತಾಯಿ" ಅಂದರು. ನಾನು ಅಳುತ್ತಲೇ ಅದನ್ನು ತಿಂದೆ.

ಹೊರಗೆ ಚರ್ಚಿನ ಗೇಟಿನ ಹತ್ತಿರ ಅವನು ನಿಂತಿದ್ದ. "ಅಮ್ಮಾ, ನೀನಾದ್ರೂ ಬಾ" ಅಂದ. ಅತ್ತೆ ಬರಲ್ಲ ಎಂದು ತಲೆಯಾಡಿಸಿ ನನ್ನ ಮುಖ ನೋಡಿದರು. ಹಸಿದಿದ್ದವನಂತೆ ಕಂಡ. "ಊಟ ಮಾಡ್ಕೊಂಡು ಹೋಗು" ಎಂದು ನಾನೇ ಅಂದೆ.

ನಮ್ಮ ಮನೆ ಜಗಲಿಯ ಮೇಲೆ ಕೂತು ಮುದ್ದೆ ಸಾರು ಉಂಡ. ಕೈ ತೊಳೆದು, ಏನೂ ಕೇಳದೆ ಬಸ್ಸಿಗೆ ಹೊರಟ. ನಾನು ಬಾಗಿಲು ಹಾಕಿ ಚಿಲಕ ಜಡಿದು ಮಗಳ ಪಕ್ಕ ಉರುಳಿಕೊಂಡೆ. ಸಾಯಂಕಾಲ ಅತ್ತೆ ಕಾಫಿಗೆ ಎಬ್ಬಿಸುವವರೆಗೂ ನನಗೆ ಎಚ್ಚರವೇ ಆಗಲಿಲ್ಲ.