ನಗಲೇಬೇಕಾದ ವಾರ

ಇಸಾಕ್ ಕಾಕಾ ನಗುತ್ತಿರಲಿಲ್ಲ. ಸಿಡುಕಿನ ಮುಖವಲ್ಲ, ಬಾಗಿಲು ಎಳೆದುಕೊಂಡ ಅಂಗಡಿಯಂಥದು, ಒಳಗೆ ಸರಕಿದೆ ಎಂದು ಮಾತ್ರ ಗೊತ್ತಾಗುತ್ತಿತ್ತು. ವರ್ಷಕ್ಕೆ ಒಂದು ವಾರ ಆ ಬಾಗಿಲು ತೆರೆಯುತ್ತಿತ್ತು, ಸುಕ್ಕೋತ್ ಎಂಬ ಚಪ್ಪರದ ಹಬ್ಬದ ವಾರ. ಆಗ ಅವರು ಗೇಟು ಕಾಯುವ ವಫುಲಾನನ್ನು ನೋಡಿ ನಗುತ್ತಿದ್ದರು, ನೀರಿನ ಟ್ಯಾಂಕರಿನ ಚಾಲಕನನ್ನು ನೋಡಿ ನಗುತ್ತಿದ್ದರು. ಅಭ್ಯಾಸವಿಲ್ಲದ ಕೆಲಸವನ್ನು ಶ್ರದ್ಧೆಯಿಂದ ಮಾಡುವವರ ನಗು ಅದು.

"ಇದು ಹುಕುಂ ಐತ್ರಿ," ಎನ್ನುತ್ತಿದ್ದರು. "ಏಳು ದಿನ ಖುಷಿಲೆ ಇರಬೇಕು. ಮನಸ್ಸಿದ್ರ ಇರ್ರಿ ಅಂತ ಹೇಳಿಲ್ಲ ದೇವ್ರು. ಇರಬೇಕು ಅಂದಾನ."

ಕಾಕಾ ಯಹೂದಿ. ಕೊಂಕಣ ತೀರದ ಹಳೆಯ ಯಹೂದಿ ಮನೆತನ. ತಂದೆ ರೈಲ್ವೆಯಲ್ಲಿದ್ದುದರಿಂದ ಬೆಳೆದದ್ದು ಹುಬ್ಬಳ್ಳಿಯ ಕ್ವಾರ್ಟರ್ಸ್‌ನಲ್ಲಿ. ನೈರೋಬಿಗೆ ಬಂದು ಎಂಬಕಸಿಯ ಸರಕು ಗೋದಾಮಿನಲ್ಲಿ ದುಡಿದು ನಿವೃತ್ತರಾಗಿ, ಹೆಂಡತಿ ರೆಬೆಕ್ಕಾ ಕಾಕು ಜೊತೆ ಸೌತ್ ಬಿ ಬಡಾವಣೆಯಲ್ಲಿ ನಮ್ಮದೇ ಕಟ್ಟಡದ ಕೆಳಮನೆಯಲ್ಲಿದ್ದರು. ಮಕ್ಕಳಿರಲಿಲ್ಲ. ನಾನು ಅಪ್ಪರ್ ಹಿಲ್‌ನ ಆಫೀಸಿನಿಂದ ಬಂದು ಮಟಾಟು ವ್ಯಾನ್ ಇಳಿದು, ಫೋನಿನಲ್ಲಿ ಯಾರನ್ನೋ ಕನ್ನಡದಲ್ಲಿ ಬೈಯುತ್ತ ಗೇಟು ದಾಟುವಾಗ ಕಾಕಾ, "ಇನ್ನೊಂದೀಟು ಬೈರಿ, ಭಾಳ ದಿನಾ ಆತು ಕೇಳಿ" ಎಂದರಂತೆ. ಅಂತೆ ಎನ್ನಲು ಕಾರಣವಿದೆ. ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ ಈಗ ಅದು ನಡೆದದ್ದೋ ಹೊಳಪು ಬಂದದ್ದೋ ತಿಳಿಯದು. ಮೊದಲು ಮಾತಾಡಿಸಿದ್ದು ಕಾಕು, ಅದೂ ಕೊತ್ತಂಬರಿ ಕೇಳಲು ಎಂದು ನನ್ನ ಹೆಂಡತಿ ಶೈಲಾ ಹೇಳುತ್ತಾಳೆ. ಸತ್ತವರು ನೆನಪಿನಲ್ಲಿ ಸರಿಯಾದ ಹೊತ್ತಿಗೆ ಸರಿಯಾದ ಮಾತಾಡತೊಡಗಿದರೆ ನನಗೆ ಅನುಮಾನ ಬರುತ್ತದೆ.

ಚಪ್ಪರದ ಬಗ್ಗೆ ಮಾತ್ರ ಅನುಮಾನವಿಲ್ಲ. ಹಬ್ಬ ಹತ್ತಿರವಾದಂತೆ ಕಾರು ನಿಲ್ಲಿಸುವ ಅಂಗಳದ ಮೂಲೆಯಲ್ಲಿ ಕಾಕಾ ನಾಲ್ಕು ಗಳ ನಿಲ್ಲಿಸುತ್ತಿದ್ದರು. ಗೋಡೆಗೆ ಹಳೆಯ ಚಾದರಗಳು. ಮಾಡಿಗೆ ಕಡಿದು ತಂದ ಬಾಳೆಯೆಲೆ, ದನಗಳಿಗೆಂದು ರಸ್ತೆಬದಿ ಮಾರುವ ಆನೆಹುಲ್ಲು. ಬಿಸಿಲಿಗಿಂತ ನೆರಳು ಹೆಚ್ಚಿರಬೇಕು, ಆದರೂ ರಾತ್ರಿ ಸಂದಿಯಿಂದ ಚುಕ್ಕಿ ಕಾಣಬೇಕು. ಮೇಲೆ ಮರದ ಕೊಂಬೆ ಇರಬಾರದು. ಆ ವಾರ ಊಟ ಅಲ್ಲೇ.

ಮೇಲಿನ ಮನೆಯ ಲಾರೆನ್ಸ್ ಮಂಗಳೂರಿನವರು, ಯಾವ ಮಾಡು ಸೋರಿದರೂ ಸಹಿಸದವರು. ಪ್ರತಿವರ್ಷ ಪ್ಲಾಸ್ಟಿಕ್ ಹೊದಿಕೆ ಹಿಡಿದುಕೊಂಡು ಬರುತ್ತಿದ್ದರು.

"ಮಳೆ ಬಂದ್ರೆ ಎಂಥ ಮಾಡ್ತೀರಿ ಮಾರಾಯ್ರೆ?"

"ಒಳಗ ಹೋಗ್ತೇನ್ರಿ. ನನಗ ಮನಿ ಐತಿ. ನಮ್ಮ ಹಿರ್ಯಾರಿಗೆ ಇರ್ಲಿಲ್ಲ, ನಲವತ್ತು ವರ್ಷ ಮರುಭೂಮ್ಯಾಗ ಇಂಥಾ ಚಪ್ಪರದಾಗ ಇದ್ರು."

ಪ್ರತಿ ಸಂಜೆ ಊಟಕ್ಕೆ ಮುಂಚೆ ತಮ್ಮ ಕುಲದ ಪೂರ್ವಿಕರಲ್ಲಿ ಒಬ್ಬೊಬ್ಬರನ್ನು ಹೆಸರು ಹಿಡಿದು ಅತಿಥಿಯಾಗಿ ಕರೆಯುತ್ತಿದ್ದರು, ಮೊದಲ ದಿನ ಅಬ್ರಹಾಮನನ್ನು. ಅವನಿಗೊಂದು ಖಾಲಿ ಕುರ್ಚಿ. ಬದುಕಿರುವ ಅತಿಥಿಗಳಾಗಿ ನಾವು ಮತ್ತು ಲಾರೆನ್ಸ್.

ಒಂದು ವರ್ಷ ಚಪ್ಪರ ಅರ್ಧ ಎದ್ದಿತ್ತು, ಹಬ್ಬಕ್ಕೆ ಇನ್ನು ಎರಡೋ ಮೂರೋ ದಿನ, ಕಾಕು ಆಸ್ಪತ್ರೆಯಲ್ಲಿ ತೀರಿಕೊಂಡರು. ಮಣ್ಣು ಮಾಡಿ ಬಂದ ಕಾಕಾ ಶೋಕಕ್ಕೆಂದು ಕಾಲರ್ ಹರಿದುಕೊಂಡ ಅಂಗಿಯಲ್ಲಿ ಗಿಡ್ಡ ಮಣೆಯ ಮೇಲೆ ಕೂತರು. ಸತ್ತವರಿಗಾಗಿ ಏಳು ದಿನ ಹೀಗೆ ನೆಲಮಟ್ಟದಲ್ಲಿ ಕೂರುವುದು ಅವರ ಪದ್ಧತಿ. ನಾವು ಹೋಗಿ ಕೂತು ಬಂದೆವು. ಕಿಟಕಿಯಿಂದ ಅವರಿಗೆ ಆ ಅರೆಬರೆ ಚಪ್ಪರ ಕಾಣುತ್ತಿತ್ತು.

ನಮ್ಮಲ್ಲಿ ಸಾವಾದ ಮನೆಗೆ ಆ ವರ್ಷ ಹಬ್ಬವಿಲ್ಲ. ಮುಂದೆ ನಡೆದದ್ದು ಅದರಿಂದ. "ಪಾಪ, ಅದನ್ನ ನೋಡ್ತಾ ಕೂತಿರ್ಬೇಕಲ್ಲ" ಎಂದವಳು ಶೈಲಾ. ಗಳ ಕಿತ್ತವರು ಲಾರೆನ್ಸ್. ಹುಲ್ಲನ್ನು ಯಾರದೋ ದನಗಳಿಗೆ ಕೊಟ್ಟವನು ವಫುಲಾ. ಚಾದರ ಮಡಚಿದವನು ನಾನು. ಸದ್ದಾಗದಂತೆ, ಒಳ್ಳೆಯ ಕೆಲಸ ಮಾಡುವ ಎಚ್ಚರದಲ್ಲಿ, ಅಂಗಳ ಗುಡಿಸಿಯೂ ಬಿಟ್ಟೆವು. ಆ ಮೂಲೆಗೆ ಯಾರೋ ಕಾರು ತಂದು ನಿಲ್ಲಿಸಿ ಊರಿಗೆ ಹೋದರು.

ಅವರ ಹಬ್ಬ ಹೊತ್ತು ಮುಳುಗಿದೊಡನೆ ಶುರು. ಆ ದಿನ ಮಧ್ಯಾಹ್ನ ಕಾಕಾ ಹೊರಗೆ ಬಂದರು. ಸ್ನಾನವಾಗಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ.

"ಎಲ್ಲಿ ಐತ್ರಿ ಚಪ್ಪರ?"

ಲಾರೆನ್ಸ್ ಹೇಳಿದರು, "ಅದು ತೆಗೆದದ್ದು ನಾವು. ನಿಮಗೆ ನೋಡ್ಲಿಕ್ಕೆ ಕಷ್ಟ ಆಗ್ತದೆ ಅಂತ."

"ಸೂತಕ ಅಲ್ವಾ ಕಾಕಾ," ಎಂದಳು ಶೈಲಾ. "ಏಳು ದಿನ ಕೂರ್ಬೇಕು ಅಂತ ನೀವೇ ಹೇಳಿದ್ರಿ."

"ಕುಂದರಬೇಕಿತ್ತು. ನಡುವ ಹಬ್ಬ ಬಂತಲ್ಲವಾ. ಹಬ್ಬ ಬಂದ್ರ ಏಳಬೇಕು. ಉಳಿದ ದಿನಾ ಎಲ್ಲಾ ಮುಗದಂಗ."

"ಇಷ್ಟೇ ದಿನಾನಾ?"

"ಇಷ್ಟ."

ಕಾರಿನ ಪಕ್ಕ ಗಳ ಕಿತ್ತ ಕುಳಿಯನ್ನು ಅವರು ಚಪ್ಪಲಿಯ ತುದಿಯಿಂದ ಮುಟ್ಟಿ ನೋಡಿದರು. "ಹೊತ್ತು ಮುಳುಗೂದ್ರಾಗ ಚಪ್ಪರ ಇರಬೇಕ್ರಿ. ಇಲ್ಲಂದ್ರ ನಾ ಒಳಗ ಕೂತು ಏನ್ ಮಾಡ್ಲಿ? ಮಣಿ ಮ್ಯಾಲ ಕುಂದರಂಗಿಲ್ಲ. ಅಳಂಗಿಲ್ಲ. ನಗಾಕ ಜಾಗಾ ಇಲ್ಲ."

ಲಾರೆನ್ಸ್ ಕೇಳಿದರು, "ನಾವು ಕಟ್ಟಿದ್ರೆ ನಡೀತದಾ? ನಾವೊಂದು ಜಾತಿ, ಇವ್ರೊಂದು ಜಾತಿ."

"ಯಾರ್ ಕಟ್ಟಿದ್ರೂ ನಡೀತೈತಿ. ನೆರಳಿಗಂತ ಕಟ್ಟ್ರಿ, ಸಾಕು."

ವಫುಲಾ "ಪೋಲೆ, ಮ್ಝೇ" ಎಂದ, ಹಿರಿಯರಿಗೆ ಹೇಳುವ ಕ್ಷಮೆಯೂ ಸಂತಾಪವೂ ಅದೇ. ಎಂದವನೇ ರಸ್ತೆಗೆ ಓಡಿ, ತಳ್ಳುಗಾಡಿ ತುಂಬ ಆನೆಹುಲ್ಲು ತಂದ. ಮೂಲೆಯಲ್ಲಿ ಆ ಕಾರು. ಜಕರಂಡಾ ಮರದಡಿ ಜಾಗವಿತ್ತು, ಆದರೆ ಮರದ ಕೆಳಗೆ ಆಗದು. ಕಾರುಗಳು ಓಡಾಡುವ ದಾರಿಯ ನಟ್ಟನಡುವೆಯೇ ಕಟ್ಟಿದೆವು. ಒಂದು ಗಳ ವಾಲಿತ್ತು. ಕಾಕಾ ಅದನ್ನು ಸರಿಮಾಡಲು ಬಿಡಲಿಲ್ಲ. ಬಿಸಿಲು ಆಗಲೇ ಗೋಡೆಯ ತುದಿಗೇರಿತ್ತು.

ಸಂಜೆ ಅವರು ಅಬ್ರಹಾಮನನ್ನು ಕರೆದರು. ಇಲ್ಲಿ ನನ್ನನ್ನು ನಂಬಬೇಡಿ. ಒಂದು ಕ್ಷಣ ಬಿಟ್ಟು ರೆಬೆಕ್ಕಾ ಹೆಸರನ್ನೂ ಕರೆದದ್ದು ನನಗೆ ಕೇಳಿಸಿದೆ. ಶೈಲಾ ಇಲ್ಲ ಎನ್ನುತ್ತಾಳೆ. ಕರೆಯಲಿಲ್ಲ, ಕರೆಯದೆ ಇರಲು ಅವರು ಬಾಯಿ ಬಿಗಿಹಿಡಿದದ್ದನ್ನು ತಾನು ನೋಡಿದೆ ಎನ್ನುತ್ತಾಳೆ. ಇಬ್ಬರೂ ಒಪ್ಪುವುದು ಒಂದನ್ನು: ಆಮೇಲೆ ಅವರು ನಕ್ಕರು. ನಮ್ಮ ಕಡೆ ಒಬ್ಬೊಬ್ಬರನ್ನೇ ನೋಡಿ, ಯಾರನ್ನೂ ಬಿಡದೆ. ಲಾರೆನ್ಸ್ ತಟ್ಟೆಯಿಂದ ತಲೆಯೆತ್ತಲಿಲ್ಲ.

ಆ ವಾರದ ಮಧ್ಯೆ ಒಂದು ದಿನ ಕೇಳಿದೆ, "ಆ ದುಃಖ ಎಲ್ಲಿ ಹೋಗುತ್ತೆ ಕಾಕಾ?"

"ಎಲ್ಲಿ ಹೋಕ್ಕೈತಿ. ಹೊರಗ ನಿಂತೈತಿ. ಕಾಯಿ ಅಂದೇನಿ."

ಹಬ್ಬ ಮುಗಿದು ಚಪ್ಪರ ಬಿಚ್ಚಿದ ಮೇಲೆ ಅವರ ಕಿಟಕಿಯ ಪರದೆ ಬಹಳ ದಿನ ಎಳೆದೇ ಇತ್ತು.

ಹೋದ ವರ್ಷ ಹಬ್ಬದ ನಡುವೆಯೇ ಒಂದು ಬೆಳಿಗ್ಗೆ ಕಾಕಾ ಏಳಲಿಲ್ಲ. ಹಿಂದಿನ ಸಂಜೆ ಚಪ್ಪರದಲ್ಲಿ ಊಟ ಮಾಡಿದ್ದೆವು. ಏನು ಮಾತಾಡಿದೆವೋ ನೆನಪಿಲ್ಲ, ಬಹುಶಃ ನೀರಿನ ಟ್ಯಾಂಕರಿನ ವಿಷಯ. ಅವರ ಪ್ರಾರ್ಥನಾಮಂದಿರದವರು ಬಂದು ಮಣ್ಣು ಮಾಡಿದರು. ಹಬ್ಬದೊಳಗೆ ಶೋಕಕ್ಕೆ ಕೂರುವಂತಿಲ್ಲ ಎಂದರು. ಹಬ್ಬ ಮುಗಿದ ಮೇಲೆ ಕೂರಲು ಕಾಕಾಗೆ ಯಾರೂ ಇರಲಿಲ್ಲ.

ಹಿಂತಿರುಗಿ ಬಂದಾಗ ಲಾರೆನ್ಸ್ ನೇರ ಚಪ್ಪರಕ್ಕೆ ಹೋಗಿ ಗಳದ ಹಗ್ಗಕ್ಕೆ ಕೈಹಾಕಿದರು.

"ಬಿಡಿ," ಎಂದಳು ಶೈಲಾ. "ಹಬ್ಬ ಮುಗಿದಿಲ್ಲ."

ಸಂಜೆ ಅನ್ನ ಸಾರು ತಂದು ಅಲ್ಲೇ ಬಡಿಸಿದಳು. ವಫುಲಾನೂ ಬಂದು ಕೂತ. ಆ ದಿನ ಯಾರನ್ನು ಕರೆಯಬೇಕೋ ನಮಗೆ ಗೊತ್ತಿರಲಿಲ್ಲ, ಕುರ್ಚಿಯನ್ನು ಮಾತ್ರ ಖಾಲಿ ಇಟ್ಟೆವು. ಹುಲ್ಲು ಒಣಗಿ ಸಂದಿಗಳು ದೊಡ್ಡದಾಗಿದ್ದವು.

"ಈಗ ಎಂಥ ಮಾಡುವುದು?" ಲಾರೆನ್ಸ್ ತಗ್ಗಿದ ದನಿಯಲ್ಲಿ ಕೇಳಿದರು. "ಅಳುವುದಾ?"

"ಇಲ್ಲ. ಹುಕುಂ ಇದೆಯಲ್ಲ," ಎಂದಳು ಶೈಲಾ.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಲಾರೆನ್ಸ್ ಮೊದಲು ಪ್ರಯತ್ನಿಸಿದರು.