ಜೀರುಂಡೆಯ ಕಿವಿಯಲ್ಲಿ ಕುರ್ರ್

ಕಳೆದ ಭಾನುವಾರ ಬಿಟಿಎಂ ಲೇಔಟಿನ ನಮ್ಮ ಬಾಡಿಗೆ ಮನೆಯಲ್ಲಿ ನಾಮಕರಣವಿತ್ತು. ತೊಟ್ಟಿಲಿರಲಿಲ್ಲ, ಪುರೋಹಿತರಿರಲಿಲ್ಲ. ಮಗುವೂ ಇರಲಿಲ್ಲ. ಇದ್ದದ್ದು ಸಾಸಿವೆಗಿಂತ ತುಸು ದೊಡ್ಡದಾದ ಒಂದು ನೀರಿನ ಜೀರುಂಡೆ. ಅದೂ ಸತ್ತದ್ದು!

ನಗಬೇಡಿ. ನಮ್ಮ ಜೊತೆಗೇ ಇರುವ ಅಕ್ಕ ವಿಮಲಾ ಕಾಲೇಜಿನಲ್ಲಿ ಜೂವಾಲಜಿ ಲೆಕ್ಚರರ್. ರಜೆ ಬಂತೆಂದರೆ ಟೀ ಸೋಸುವ ಜರಡಿ, ಫಿಲ್ಮ್ ರೋಲಿನ ಖಾಲಿ ಡಬ್ಬಿ ಹಿಡಿದು ಪುಟ್ಟೇನಹಳ್ಳಿ ಕೆರೆಗೆ ಹೊರಡುತ್ತಾಳೆ. ಅಲ್ಲಿ ಸಿಕ್ಕ ಈ ಜೀರುಂಡೆಗೆ ಲೋಕದಲ್ಲಿ ಹೆಸರೇ ಇರಲಿಲ್ಲ. ನಾಲ್ಕು ವರ್ಷ ಅದರ ಕಾಲು, ಮೀಸೆ, ಬೆನ್ನಿನ ಚುಕ್ಕಿ ಹೋಲಿಸಿ ನೋಡಿದಳು. ಯಾವುದು ಯಾವುದಕ್ಕೆ ತಂಗಿ, ಯಾವುದು ದಾಯಾದಿ ಎಂದು ವಂಶವೃಕ್ಷ ಬರೆದಳು. (ಹೆಣ್ಣು ಕೊಡುವಾಗ ನಮ್ಮ ಕಾಕಾಗಳೂ ಇಷ್ಟು ವಿಚಾರಿಸಿರಲಿಕ್ಕಿಲ್ಲ.) ಸಂಶೋಧನಾ ಪೇಪರ್ ಕಳಿಸಲು ಹೆಸರೊಂದೇ ಬಾಕಿಯಿತ್ತು.

‘ನಂಗೂ ನೀವೇ ಹೆಸರಿಟ್ಟಿದ್ದು ಅಲ್ವಾ ಅತ್ತೆ?’ ಎಂದು ನನ್ನ ಮಗಳು ಶ್ರುತಿ ಕೇಳಿದಳು. ಅಕ್ಕ ಎದ್ದು ಕಿಟಕಿಯತ್ತ ಹೋದಳು. ನಾನೇ ಹೇಳಬೇಕಾಯಿತು.

ನಾವು ಧಾರವಾಡದ ಕಡೆಯವರು. ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಉಸುರುವುದು ಸೋದರತ್ತೆಯ ಹಕ್ಕು. ಆಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಹನ್ನೆರಡು ವರ್ಷದ ಹಿಂದೆ ಶ್ರುತಿಯ ತೊಟ್ಟಿಲ ದಿನ ಅಕ್ಕ ಹೆಸರು ಆರಿಸಿಕೊಂಡೇ ಬಂದಿದ್ದಳು. ಭಾವ ತೀರಿಕೊಂಡು ವರ್ಷವಾಗಿತ್ತಷ್ಟೆ. ಹಿರಿಯರೊಬ್ಬರು ‘ಆಕಿ ಬ್ಯಾಡ’ ಎಂದರು. ಕಾಕಾನ ಮಗಳು ಬೇರೆ ಹೆಸರು ಹೇಳಿದಳು. ಅಕ್ಕ ಅಡುಗೆಮನೆಗೆ ಹೋಗಿ ಊಟದ ಎಲೆ ಒರೆಸುತ್ತ ಕೂತಳು. ನಾನು? ಶಾಲು ಹೊದ್ದು ಸುಮ್ಮನೆ ನಿಂತಿದ್ದೆ.

ಶ್ರುತಿ ನನ್ನತ್ತ ನೋಡಲೂ ಇಲ್ಲ. ಅತ್ತೆಯ ಕೈ ಹಿಡಿದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ‘ಇದಕ್ಕೆ ಕಿವಿ ಎಲ್ಲಿದ್ಯೋ ಗೊತ್ತಿಲ್ಲ. ಆದ್ರೂ ಹೇಳಿ.’

ಅಕ್ಕ ಬಗ್ಗಿದಳು. ‘ಕುರ್ರ್... ಮುಕ್ತಾ.’

ಶ್ರುತಿ ಬೆನ್ನಿಗೆ ಗುದ್ದಿದಳು. (ಜೋರಾಗಿಯೇ.) ಅಕ್ಕ ನಗುತ್ತಲೇ ಅತ್ತಳು. ಮುಕ್ತಾ ಎಂಬುದು ಅಂದು ಅವಳು ಶ್ರುತಿಗೆಂದು ಆರಿಸಿ ತಂದಿದ್ದ ಹೆಸರು.

‘ಹಾಗಾದ್ರೆ ಇದು ನಂಗೇನಾಗ್ಬೇಕು?’ ಎಂದಳು ಮಗಳು.

‘ತಂಗಿ ಆಗಬೇಕವಾ,’ ಎಂದಳು ಅಕ್ಕ.

ಹೆಸರಿಟ್ಟವಳ ಹಣೆಯಲ್ಲಿ ಕುಂಕುಮ ಇದೆಯೇ ಎಂದು ಜೀರುಂಡೆ ನೋಡಲಿಲ್ಲ. ತೊಟ್ಟಿಲ ಕೂಸೂ ನೋಡುತ್ತಿರಲಿಲ್ಲ. ನಾನ್ಯಾಕೆ ನೋಡಿದೆ?